ಮ್ಯಾನೇಜ್‌ಮೆಂಟ್ ಪಿಎಚ್‌.ಡಿ.: ಹಾಸನ, ಚಿಕ್ಕಮಗಳೂರಲ್ಲೇ ಇದ್ದು ಮಾಡುವವರಿಗೆ

'ಹಾಸನ ಜಿಲ್ಲೆಯ ವಿಶೇಷ ಉಲ್ಲೇಖದೊಂದಿಗೆ ಒಂದು ಅಧ್ಯಯನ.' ನಮ್ಮ ಕಡೆಯ ಮ್ಯಾನೇಜ್‌ಮೆಂಟ್ ಸಿನಾಪ್ಸಿಸ್‌ಗಳಲ್ಲಿ (ಸಂಶೋಧನೆಯ ರೂಪರೇಷೆ) ಬಹಳಷ್ಟು ಈ ಬಾಲ ಹಚ್ಚಿಕೊಂಡೇ ಹುಟ್ಟುತ್ತವೆ. ಜಿಲ್ಲೆಯ ಹೆಸರು ಬರೀ ವಿಳಾಸ. ಪ್ರಶ್ನೆ ಬೇರೆ ಬೇಕು. ವೈವಾದಲ್ಲಿ, ಅಂದರೆ ಕೊನೆಯ ಮೌಖಿಕ ಪರೀಕ್ಷೆಯಲ್ಲಿ, ಹೊರಗಿನ ಪರೀಕ್ಷಕರು 'ಇದನ್ನೇ ತುಮಕೂರಲ್ಲಿ ಮಾಡಿದ್ದರೆ ಏನು ಬದಲಾಗುತ್ತಿತ್ತು?' ಅಂತ ಕೇಳಿದಾಗ ಬಾಯಿ ಕಟ್ಟಿಹೋಗುವುದು ಐದನೇ ವರ್ಷದಲ್ಲಿ. ತಪ್ಪು ನಡೆದಿರುವುದು ಮೊದಲ ಆರು ತಿಂಗಳಲ್ಲಿ. ಹಾಗಾಗಿ ಅರ್ಜಿ, ಫೀಸು, ಗೈಡು ಎಲ್ಲಕ್ಕೂ ಮೊದಲು ಪ್ರಶ್ನೆಯ ಮಾತು.

ಪ್ರಶ್ನೆ ಹುಟ್ಟಿಸುವುದು

'ಚಿಕ್ಕಮಗಳೂರಿನ ಸಣ್ಣ ಕಾಫಿ ಬೆಳೆಗಾರರ ಸಮಸ್ಯೆಗಳು' ಅನ್ನುವುದು ವಿಷಯ ಅಷ್ಟೇ. ಕೂಲಿಯಾಳು ಸಿಗಲ್ಲ, ಮಳೆ ಹಿಡಿತಕ್ಕಿಲ್ಲ, ಬೆಲೆ ನಿಲ್ಲಲ್ಲ ಎಂಬ ಉತ್ತರ ಬಸ್ ಸ್ಟ್ಯಾಂಡಿನಲ್ಲಿ ಕೇಳಿದರೂ ಸಿಗುತ್ತದೆ. ಅದೇ ಜಾಗದಲ್ಲಿ ಒಂದು ಒಗಟು ಹುಡುಕಿ. ಒಂದೇ ಊರು, ಇಬ್ಬರಿಗೂ ಐದೈದು ಎಕರೆ, ಇಬ್ಬರ ಮೊಬೈಲಿಗೂ ಬೆಳಿಗ್ಗೆ ಅದೇ ರೇಟು ಬರುತ್ತದೆ. ಒಬ್ಬರು ಕಣದಿಂದಲೇ ಮಾರುತ್ತಾರೆ, ಇನ್ನೊಬ್ಬರು ಮೂಟೆ ಕಟ್ಟಿ ಎಂಟು ತಿಂಗಳು ಇಡುತ್ತಾರೆ. ಯಾಕೆ?

ಇದಕ್ಕೆ ಕನಿಷ್ಠ ಮೂರು ಸಿದ್ಧಾಂತಗಳು ಮೂರು ಬೇರೆ ಉತ್ತರ ಕೊಡುತ್ತವೆ. ವ್ಯಾಪಾರಿಯಿಂದ ಮುಂಗಡ ತಂದವರು ಅವರಿಗೇ ಮಾರಲೇಬೇಕು ಎನ್ನುವುದು ವಹಿವಾಟು ವೆಚ್ಚದ ದಾರಿ. ಅರ್ಥಶಾಸ್ತ್ರಜ್ಞ ಕೋಸ್ 1937ರಲ್ಲಿ ಶುರು ಮಾಡಿದ್ದನ್ನು ವಿಲಿಯಮ್ಸನ್ ಬೆಳೆಸಿದರು. ಹೋದ ವರ್ಷದ ಗರಿಷ್ಠ ರೇಟು ತಲೆಯಲ್ಲಿ ಕೂತಿದೆ, ಅದಕ್ಕಿಂತ ಕಡಿಮೆಗೆ ಮಾರುವುದು 'ನಷ್ಟ' ಅನಿಸುತ್ತದೆ ಎನ್ನುವುದು ಮನಶ್ಶಾಸ್ತ್ರಜ್ಞರಾದ ಕಾನೆಮನ್–ಟ್ವರ್ಸ್ಕಿ 1979ರಲ್ಲಿ ತೋರಿದ ದಾರಿ. ಗೋಡೌನು ಇಲ್ಲ, ಅಷ್ಟೇ ಕಥೆ ಎನ್ನುವುದು ಮೂರನೆಯದು. ಮೂರರಲ್ಲಿ ಯಾವುದು ಎಷ್ಟು ವಿವರಿಸುತ್ತದೆ ಅಂತ ತೂಗಿದರೆ ಅದು ಪ್ರಬಂಧ. ಈ ಪ್ರಶ್ನೆಗೆ ಚಿಕ್ಕಮಗಳೂರೇ ಯಾಕೆ ಬೇಕು ಎಂಬುದಕ್ಕೂ ಉತ್ತರವಿದೆ. ಕಾಫಿ ಮಂಡಳಿ ಬೆಳೆಯನ್ನೆಲ್ಲ ಪೂಲ್ ಮಾಡಿ ಮಾರುತ್ತಿದ್ದ ಕಾಲದಲ್ಲಿ 'ಯಾವಾಗ ಮಾರಲಿ' ಎಂಬ ತಲೆನೋವೇ ಬೆಳೆಗಾರರಿಗೆ ಇರಲಿಲ್ಲ. 1990ರ ದಶಕದಲ್ಲಿ ಮುಕ್ತ ಮಾರಾಟ ಬಂದ ಮೇಲೆ ಬೆಲೆಯ ಅಪಾಯ ಪೂರ್ತಿ ತೋಟದ ಮನೆಗೆ ಬಂತು. ಈಗ ಜಿಲ್ಲೆಯ ಹೆಸರು ಶೀರ್ಷಿಕೆಯಲ್ಲಿ ಕೂರಲು ಕಾರಣ ಸಿಕ್ಕಿತು.

ಹಾಸನದ ಕಡೆಯವರಿಗೆ ಹಾಲಿನ ಡೈರಿಯಿದೆ. ಸಂಘದ ಕಾರ್ಯದರ್ಶಿ ಸದಸ್ಯರ ಆಳು, ಒಕ್ಕೂಟಕ್ಕೂ ಉತ್ತರ ಕೊಡಬೇಕು, ಊರಲ್ಲಿ ನೆಂಟನೂ ಹೌದು. ಹಾಲಿನ ಕೊಬ್ಬು, ಘನಾಂಶ ಅಳೆಯುವ ಫ್ಯಾಟ್, ಎಸ್‌ಎನ್‌ಎಫ್ ಯಂತ್ರ ಬಂದ ಮೇಲೆ ಅವನ ಕೈಯಲ್ಲಿದ್ದ ವಿವೇಚನೆ ಎಷ್ಟು ಕಡಿಮೆಯಾಯಿತು, ಅದರಿಂದ ಹಾಲು ಹಾಕುವವರ ನಂಬಿಕೆ ಏರಿತೋ ಇಳಿಯಿತೋ? ಏಜೆನ್ಸಿ ಸಿದ್ಧಾಂತಕ್ಕೆ (ಬೇರೆಯವರ ಪರ ಕೆಲಸ ಮಾಡುವವನು ಯಾರ ಹಿತ ನೋಡುತ್ತಾನೆ ಎಂಬ ವಿಚಾರ) ಇದಕ್ಕಿಂತ ಒಳ್ಳೆಯ ಗದ್ದೆ ಸಿಗುವುದು ಕಷ್ಟ. ಅರಸೀಕೆರೆಯ ಕೊಬ್ಬರಿ ಮಾರುಕಟ್ಟೆಯೂ ಹಾಗೇ, ಹರಾಜಿನ ಅಧ್ಯಯನಕ್ಕೆ ಹೇಳಿ ಮಾಡಿಸಿದ್ದು.

ಒಂದು ಪರೀಕ್ಷೆ: ನಿಮ್ಮ ಪ್ರಶ್ನೆಯನ್ನು ಎರಡು ಸಾಲಿನಲ್ಲಿ ಬರೆದು, 'ಉತ್ತರ ಹೌದಾದರೆ ಯಾರಿಗೆ ಆಶ್ಚರ್ಯ, ಇಲ್ಲವಾದರೆ ಯಾರಿಗೆ ಆಶ್ಚರ್ಯ' ಅಂತ ಪಕ್ಕದಲ್ಲಿ ಬರೆಯಿರಿ. ಎರಡೂ ಕಡೆ ಯಾರೂ ಇಲ್ಲದಿದ್ದರೆ ಪ್ರಶ್ನೆ ಬದಲಿಸಿ. ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದಲ್ಲಿ ಅದೇ ವಿಷಯದ ಹತ್ತು ಪ್ರಬಂಧಗಳ ಕೊನೆಯ ಅಧ್ಯಾಯವನ್ನಷ್ಟೇ ಓದಿ. ಎಲ್ಲದರಲ್ಲೂ 'ಸರ್ಕಾರ ಜಾಗೃತಿ ಮೂಡಿಸಬೇಕು' ಅಂತಿದ್ದರೆ, ಆ ದಾರಿಯಲ್ಲಿ ಹನ್ನೊಂದನೆಯವರಾಗಿ ಹೋಗಬೇಡಿ.

ನೋಂದಣಿ ಎಲ್ಲಿ, ಗೈಡ್ ಯಾರು

ದಾರಿಗಳು ನಾಲ್ಕು. ಮೊದಲನೆಯದು ಹಾಸನದ ಹೇಮಗಂಗೋತ್ರಿ. ಅದು ಹಿಂದೆ ಮೈಸೂರು ವಿ.ವಿ.ಯ ಸ್ನಾತಕೋತ್ತರ ಕೇಂದ್ರವಾಗಿತ್ತು, ಈಗ ಅಲ್ಲಿರುವುದು ಹಾಸನ ವಿ.ವಿ. ಹೊಸ ವಿ.ವಿ.ಗಳನ್ನು ಉಳಿಸುವ, ವಿಲೀನ ಮಾಡುವ ಚರ್ಚೆ 2025ರಲ್ಲಿ ಸರ್ಕಾರದ ಮಟ್ಟದಲ್ಲೇ ನಡೆದದ್ದರಿಂದ, ಪದವಿ ಯಾವ ವಿ.ವಿ. ಹೆಸರಲ್ಲಿ ಬರುತ್ತದೆ ಎಂದು ಬರಹದಲ್ಲಿ ಕೇಳಿಟ್ಟುಕೊಳ್ಳಿ. ಚಿಕ್ಕಮಗಳೂರಿನವರಿಗೆ ತರೀಕೆರೆ ದಾಟಿದರೆ ಶಂಕರಘಟ್ಟದ ಕುವೆಂಪು ವಿ.ವಿ. ಮೂರನೆಯದು ವಿಟಿಯು, ಎರಡೂ ಊರಲ್ಲಿ ಅದರ ಎಂಜಿನಿಯರಿಂಗ್ ಕಾಲೇಜುಗಳಿವೆ. ಆದರೆ ಕಾಲೇಜಿಗೆ ಸಂಶೋಧನಾ ಕೇಂದ್ರದ ಮಾನ್ಯತೆ ಇದೆ ಎಂದ ಮಾತ್ರಕ್ಕೆ ಎಂಬಿಎ ವಿಭಾಗಕ್ಕೂ ಇದೆ ಎಂದಲ್ಲ, ವಿಟಿಯು ಪಟ್ಟಿಯಲ್ಲಿ ವಿಭಾಗದ ಹೆಸರೇ ಇರಬೇಕು. ನಾಲ್ಕನೆಯದು ಐಐಎಂ ಬೆಂಗಳೂರಿನಂಥ ಕಡೆ ಪೂರ್ಣಾವಧಿ. ಕ್ಯಾಟ್ ಅಂಕವೋ ಜೆಆರ್‌ಎಫೋ (ಯುಜಿಸಿಯ ಸಂಶೋಧನಾ ಫೆಲೋಶಿಪ್) ಅಂಥದ್ದೊಂದು ಬೇಕು, ಊರು ಬಿಡಬೇಕು. ಸ್ಟೈಪೆಂಡ್ ಕೊಡುತ್ತಾರೆ, ತರಬೇತಿಯೂ ಗಟ್ಟಿ. ಇಪ್ಪತ್ತೈದರ ಆಸುಪಾಸಿನವರು, ಮನೆಯ ಜವಾಬ್ದಾರಿ ಕಡಿಮೆ ಇರುವವರು ಇದನ್ನೇ ಮೊದಲು ಪ್ರಯತ್ನಿಸಬೇಕು. ಊರಿನ ಅನುಕೂಲ ನೋಡಿ ಇದನ್ನು ಕೈಬಿಡುವುದು ದುಬಾರಿ ಉಳಿತಾಯ.

ವಿ.ವಿ.ಗಳಿಗೆ ನಿಯಮ ಮಾಡುವ ಯುಜಿಸಿಯ 2022ರ ನಿಯಮದ ಪ್ರಕಾರ ಸ್ನಾತಕೋತ್ತರದಲ್ಲಿ ಶೇ. 55 ಬೇಕು, ಮೀಸಲು ವರ್ಗಗಳಿಗೆ ಶೇ. 5 ಸಡಿಲಿಕೆ. ವಿ.ವಿ. ತಾನೇ ಪ್ರವೇಶ ಪರೀಕ್ಷೆ ಮಾಡಿದರೆ ಅರ್ಧ ಪ್ರಶ್ನೆಗಳು ಸಂಶೋಧನಾ ವಿಧಾನದ ಮೇಲೆ, ಅರ್ಧ ವಿಷಯದ ಮೇಲೆ. ತೂಕ ಪರೀಕ್ಷೆಗೆ 70, ಸಂದರ್ಶನಕ್ಕೆ 30. ಕೆಲವು ಕಡೆ ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಅಂಕವನ್ನೇ ತೆಗೆದುಕೊಳ್ಳುತ್ತಾರೆ. ಹೆಚ್ಚಿನವರು ವಿಷಯ ಓದಿ ಹೋಗಿ ವಿಧಾನದ ಭಾಗದಲ್ಲಿ ಎಡವುತ್ತಾರೆ.

ಗೈಡ್ ವಿಚಾರದಲ್ಲಿ ಸಂಕೋಚ ಬಿಟ್ಟು ಲೆಕ್ಕ ಕೇಳಿ. ಪ್ರೊಫೆಸರ್ 8, ಅಸೋಸಿಯೇಟ್ 6, ಅಸಿಸ್ಟೆಂಟ್ ಪ್ರೊಫೆಸರ್ 4 ಜನರನ್ನು ಮಾತ್ರ ತೆಗೆದುಕೊಳ್ಳಬಹುದು. ನಿವೃತ್ತಿಗೆ ಮೂರು ವರ್ಷದೊಳಗೆ ಇರುವವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಖಾಯಂ ಬೋಧಕರೇ ಆಗಿರಬೇಕು. 'ನೋಡೋಣ, ಒಂದು ಸೀಟು ಖಾಲಿ ಆಗುತ್ತೆ' ಎಂಬ ಮಾತಿನ ಮೇಲೆ ಎರಡು ವರ್ಷ ಕಾದವರಿದ್ದಾರೆ. ಖಾಲಿ ಇದೆಯೋ ಇಲ್ಲವೋ ವಿ.ವಿ.ಯ ಸಂಶೋಧನಾ ವಿಭಾಗದಲ್ಲಿ ಕೇಳಿದರೆ ಒಂದೇ ದಿನದಲ್ಲಿ ಗೊತ್ತಾಗುತ್ತದೆ. ಆಮೇಲೆ ಅವರ ಹಳೆಯ ವಿದ್ಯಾರ್ಥಿಗಳಲ್ಲಿ ಇಬ್ಬರಿಗೆ ಫೋನ್ ಮಾಡಿ, 'ಅಧ್ಯಾಯ ಕೊಟ್ಟರೆ ಎಷ್ಟು ದಿನಕ್ಕೆ ವಾಪಸ್ ಬರುತ್ತೆ?' ಅಂತ ಇದೊಂದೇ ಪ್ರಶ್ನೆ ಕೇಳಿ. ಗೈಡಿನ ಹೆಸರು, ಪದಕ, ಭಾಷಣ ಯಾವುದೂ ಈ ಉತ್ತರದಷ್ಟು ಉಪಯೋಗಕ್ಕೆ ಬರುವುದಿಲ್ಲ.

ಗಡಿಯಾರ

ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಮರುನೋಂದಣಿಯಲ್ಲಿ ಇನ್ನೆರಡು ಸಿಗಬಹುದು. ಮಹಿಳೆಯರಿಗೆ, ಶೇ. 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಮತ್ತೆರಡು, ಒಟ್ಟು ಹತ್ತು ದಾಟುವಂತಿಲ್ಲ. ಮಾತೃತ್ವ ಅಥವಾ ಶಿಶುಪಾಲನೆ ರಜೆ 240 ದಿನದವರೆಗೆ ಇದೆ. ಮಹಿಳೆಯರು ಮದುವೆಯಾಗಿ ಬೇರೆ ಊರಿಗೆ ಹೋದರೆ ಸಂಶೋಧನೆಯನ್ನು ಅಲ್ಲಿನ ಸಂಸ್ಥೆಗೆ ವರ್ಗಾಯಿಸಿಕೊಳ್ಳಲೂ ನಿಯಮದಲ್ಲಿ ಅವಕಾಶವಿದೆ. ಗೊತ್ತಿಲ್ಲದೆ ಬಿಟ್ಟುಬಿಡುವವರು ಬಹಳ.

ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್, ಅದರಲ್ಲಿ ಸಂಶೋಧನೆ ಮತ್ತು ಪ್ರಕಟಣೆಯ ನೀತಿ ಕಡ್ಡಾಯ; ಶೇ. 55 ಬರಬೇಕು. ಪ್ರತಿ ಸೆಮಿಸ್ಟರ್ ಸಲಹಾ ಸಮಿತಿ ಮುಂದೆ ಪ್ರಗತಿ ಒಪ್ಪಿಸಬೇಕು. ಕೆಲಸದಲ್ಲಿದ್ದುಕೊಂಡು ಅರೆಕಾಲಿಕ ಮಾಡುವವರ ಎನ್‌ಒಸಿಯಲ್ಲಿ (ಕೆಲಸ ಕೊಟ್ಟ ಸಂಸ್ಥೆಯ ನಿರಾಕ್ಷೇಪಣಾ ಪತ್ರ) ಮೂರು ಮಾತು ಇರಲೇಬೇಕು: ಅರೆಕಾಲಿಕ ಸಂಶೋಧನೆಗೆ ಅನುಮತಿಯಿದೆ, ಸಂಶೋಧನೆಗೆ ಸಾಕಷ್ಟು ಸಮಯ ಸಿಗುತ್ತದೆ, ಬೇಕಾದರೆ ಕೋರ್ಸ್‌ವರ್ಕಿಗೆ ಕರ್ತವ್ಯದಿಂದ ಬಿಡುಗಡೆ ಮಾಡುತ್ತೇವೆ. ಒಂದು ಬಿಟ್ಟರೂ ಕಡತ ವಾಪಸ್ ಬರಬಹುದು. ದೂರಶಿಕ್ಷಣದಲ್ಲಿ, ಆನ್‌ಲೈನಿನಲ್ಲಿ ಪಿಎಚ್‌.ಡಿ. ಇಲ್ಲ, ಇದೆ ಎನ್ನುವ ಜಾಹೀರಾತಿಗೆ ದುಡ್ಡು ಕಟ್ಟಬೇಡಿ.

ಕ್ಷೇತ್ರಕಾರ್ಯ

ಕಾಲ ನೋಡಿ ಇಳಿಯಿರಿ. ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿ, ರೋಬಸ್ಟಾ ಅಲ್ಲಿಂದ ಮಾರ್ಚಿನವರೆಗೆ. ಆಗ ಬೆಳೆಗಾರರ ಮುಂದೆ ಆರು ಪುಟದ ಪ್ರಶ್ನಾವಳಿ ಹಿಡಿದರೆ ಅವರು ಗೀಚಿ ಕೊಟ್ಟು ಕಳಿಸುತ್ತಾರೆ, ನೀವು ಅದನ್ನು ದತ್ತಾಂಶ ಅಂತ ಕರೆಯುತ್ತೀರಿ. ಹೂಮಳೆ ಬಿದ್ದು ಮುಗಿದ ಮೇಲೆ, ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರದವರೆಗೆ ಒಳ್ಳೆಯ ಹೊತ್ತು. ಮಳೆಗಾಲದಲ್ಲಿ ಮನೆಯಲ್ಲೇ ಸಿಗುತ್ತಾರೆ ನಿಜ, ಆದರೆ ಮೂಡಿಗೆರೆ, ಸಕಲೇಶಪುರ ಒಳಗಿನ ರಸ್ತೆಯಲ್ಲಿ ದಿನಕ್ಕೆ ಎರಡು ಮನೆ ಮುಟ್ಟಿದರೆ ಹೆಚ್ಚು. ಡೈರಿಯಾದರೆ ಬೆಳಗಿನ ಹಾಲು ಲಾರಿ ಹತ್ತಿದ ಮೇಲೆ ಹೋಗಿ. ಅದಕ್ಕೂ ಮುಂಚೆ ಕಾರ್ಯದರ್ಶಿಯ ತಲೆ ಕ್ಯಾನಿನೊಳಗೇ ಇರುತ್ತದೆ.

ತೋಟದ ಕೆಲಸಗಾರರ ಬಗ್ಗೆ ಕೇಳುವುದಾದರೆ ರೈಟರು (ತೋಟದ ಗುಮಾಸ್ತ), ಮೇಸ್ತ್ರಿ ಪಕ್ಕದಲ್ಲಿ ನಿಂತಿರಬಾರದು. ನಿಂತರೆ ಎಲ್ಲರೂ ಸಂತೃಪ್ತರು. ಇನ್ನೊಂದು, ಇವತ್ತು ಲೈನ್ ಮನೆಗಳಲ್ಲಿ ಅಸ್ಸಾಂ, ಬಂಗಾಳ, ಜಾರ್ಖಂಡದವರು ಬಹಳ. ಕನ್ನಡದ ಪ್ರಶ್ನಾವಳಿಯಷ್ಟೇ ಹಿಡಿದು ಹೋದರೆ ನಿಮ್ಮ ಮಾದರಿ ಆ ತೋಟದ ಮಾದರಿ ಆಗಿರುವುದಿಲ್ಲ.

ಪ್ರಶ್ನಾವಳಿಯ ಅನುವಾದದಲ್ಲಿ ಕೆಡುವಷ್ಟು ಬೇರೆಲ್ಲೂ ಕೆಡುವುದಿಲ್ಲ. ಸಂಸ್ಥಾ ನಿಷ್ಠೆ ಅಳೆಯುವ ಒಂದು ವಾಕ್ಯ ತೆಗೆದುಕೊಳ್ಳಿ: 'ನಾನು ಈ ಸಂಸ್ಥೆಯೊಂದಿಗೆ ಭಾವನಾತ್ಮಕವಾಗಿ ಬೆಸೆದುಕೊಂಡಿದ್ದೇನೆ.' ವ್ಯಾಕರಣ ಸರಿ, ಆದರೆ ಲೈನ್ ಮನೆಯಲ್ಲಿ ಈ ಮಾತಿಗೆ ಅರ್ಥವಿಲ್ಲ. ಅವರಿಗೆ ಅದು 'ಸಂಸ್ಥೆ' ಅಲ್ಲ, 'ತೋಟ'. ಹಾಗಂತ 'ಈ ತೋಟ ಬಿಟ್ಟು ಹೋಗೋಕೆ ಮನಸ್ಸು ಬರಲ್ಲ' ಅಂತ ಬದಲಿಸಿದರೆ ಮಾತು ಸಹಜವಾಯಿತು, ಅಳತೆ ಜಾರಿತು: ಈಗ ಅದು ಕೆಲಸ ಬಿಡುವ ಉದ್ದೇಶವನ್ನು ಅಳೆಯುತ್ತಿದೆ. 'ಈ ತೋಟ ನಮ್ದೇ ಅನ್ಸುತ್ತೆ' ಅಂದರೆ ಒಡೆತನದ ಭಾವದ ಕಡೆ ವಾಲುತ್ತದೆ. 'ಈ ತೋಟ ಅಂದ್ರೆ ನಂಗೆ ತುಂಬಾ ಆಸೆ, ಅಭಿಮಾನ' ಮೂಲಕ್ಕೆ ಹತ್ತಿರ. ಇಷ್ಟು ಚರ್ಚೆ ಪ್ರತಿ ವಾಕ್ಯಕ್ಕೂ ಬೇಕು. ಒಬ್ಬರು ಕನ್ನಡಕ್ಕೆ ತರಲಿ, ಮೂಲ ನೋಡದ ಇನ್ನೊಬ್ಬರು ಇಂಗ್ಲಿಷಿಗೆ ವಾಪಸ್ ಒಯ್ಯಲಿ, ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಆಮೇಲೆ ಎಂಟು ಹತ್ತು ಜನರ ಹತ್ತಿರ ಓದಿಸಿ, 'ಇದು ಏನು ಕೇಳ್ತಿದೆ, ನಿಮ್ಮ ಮಾತಲ್ಲಿ ಹೇಳಿ' ಎನ್ನಿ.

ತಿರುವುಮುರುವು ವಾಕ್ಯಗಳ ಕಾಟ ಬೇರೆ. ಕನ್ನಡದಲ್ಲಿ 'ಊಟ ಆಗಿಲ್ವಾ?' ಅಂದರೆ 'ಹೌದು, ಆಗಿಲ್ಲ' ಅನ್ನುತ್ತೇವೆ. ಹಾಗಾಗಿ 'ನನಗೆ ಈ ತೋಟದ ಮೇಲೆ ಅಭಿಮಾನ ಇಲ್ಲ' ಎಂಬ ವಾಕ್ಯಕ್ಕೆ 'ಒಪ್ಪಲ್ಲ' ಎಂದವರ ಅರ್ಥ ಅಭಿಮಾನ ಇದೆ ಎಂದೋ ಇಲ್ಲ ಎಂದೋ ಕೇಳಿದವರಿಗೂ ತಿಳಿಯುವುದಿಲ್ಲ. ಕ್ರೋನ್‌ಬಾಕ್ ಆಲ್ಫಾ (ಒಂದೇ ವಿಷಯ ಅಳೆಯುವ ವಾಕ್ಯಗಳ ಉತ್ತರ ಒಂದಕ್ಕೊಂದು ಎಷ್ಟು ಹೊಂದುತ್ತದೆ ಎಂಬ ಅಳತೆ) 0.70ಕ್ಕಿಂತ ಕೆಳಗೆ ಬಿದ್ದಾಗ ಮೊದಲು ಅನುಮಾನಿಸಬೇಕಾದ್ದು ಈ ವಾಕ್ಯಗಳನ್ನು. ಪೈಲಟ್‌ನಲ್ಲಿ 30ರಿಂದ 50 ಜನರ ಮೇಲೆ ನೋಡಿ, 'ಇಲ್ಲ' ತೆಗೆದು ನೇರ ಮಾತಿನಲ್ಲಿ ಬರೆಯಿರಿ. ಐದು ಹಂತದ ಮಾಪಕ ಓದಲಾಗದವರ ಮುಂದೆ ಕಾಫಿ ಬೀಜದ ಐದು ಗುಡ್ಡೆ, ಒಂದರಿಂದ ಐದು ಬೀಜದವರೆಗೆ, ಇಟ್ಟು 'ಎಷ್ಟು?' ಅಂತ ಕೇಳಿ. ಸಂಖ್ಯೆ ಓದಿ ಹೇಳುವುದಕ್ಕಿಂತ ಇದು ಸಲೀಸು.

ಇನ್ನು 384. ಎಷ್ಟು ಜನರನ್ನು ಕೇಳಬೇಕು ಎಂಬುದಕ್ಕೆ ಈ ಸಂಖ್ಯೆ ನಮ್ಮ ಪ್ರಬಂಧಗಳಲ್ಲಿ ಎಲ್ಲಿ ನೋಡಿದರಲ್ಲಿ. ಎಲ್ಲಿಂದ ಬಂತು? 1.96 × 1.96 × 0.5 × 0.5 ಅನ್ನು 0.05 × 0.05ರಿಂದ ಭಾಗಿಸಿ: 384.16. ದೊಡ್ಡ ಜನಸಂಖ್ಯೆಯಿಂದ ಯಾದೃಚ್ಛಿಕವಾಗಿ ಆರಿಸಿದ ಜನರಲ್ಲಿ 'ಶೇಕಡಾ ಎಷ್ಟು ಮಂದಿ ಹೌದು ಎನ್ನುತ್ತಾರೆ' ಎಂಬುದನ್ನು ಶೇ. 5 ಆಚೀಚೆಯೊಳಗೆ ಹೇಳಲು ಬೇಕಾದಷ್ಟು. ನಿಮ್ಮ ಕೆಲಸ ಚುನಾವಣಾ ಸಮೀಕ್ಷೆ ಅಲ್ಲದಿದ್ದರೆ ಈ ಸೂತ್ರಕ್ಕೆ ಅಲ್ಲಿ ಕೆಲಸವಿಲ್ಲ. ಐದು ಕಾರಣಗಳಿರುವ ರಿಗ್ರೆಶನ್‌ಗೆ, ಮಧ್ಯಮ ಪರಿಣಾಮ, 0.05 ಮಟ್ಟ, 0.80 ಪವರ್ (ಇರುವ ಪರಿಣಾಮ ಕಣ್ಣಿಗೆ ಬೀಳುವ ಸಂಭವ) ಇಟ್ಟು ಜಿ-ಪವರ್ ಎಂಬ ಉಚಿತ ತಂತ್ರಾಂಶಕ್ಕೆ ಕೇಳಿದರೆ 92 ಸಾಕು ಎನ್ನುತ್ತದೆ. ಇನ್ನೊಂದು ಕಡೆ 384 ಸಾಲದೆಯೂ ಹೋಗಬಹುದು. ಹನ್ನೆರಡು ಊರಿನಿಂದ 32ರಂತೆ ಆರಿಸಿದರೆ ಒಂದೇ ಊರಿನವರು ಒಂದೇ ವ್ಯಾಪಾರಿ, ಒಂದೇ ಸೊಸೈಟಿ, ಒಂದೇ ಮಳೆ ಹಂಚಿಕೊಂಡವರು. ಅವರ ನಡುವಿನ ಹೋಲಿಕೆ 0.05 ಇದ್ದರೂ ಸಾಕು, 1 + 31 × 0.05, ಅಂದರೆ 2.55ರಿಂದ ಭಾಗಿಸಬೇಕು, ನಿಮ್ಮ 384ರ ತೂಕ ಸುಮಾರು 150 ಜನರಷ್ಟೇ. ಊರುಗಳನ್ನು ಹೆಚ್ಚು ಮಾಡಿ, ಊರಿಗೆ ಜನರನ್ನು ಕಡಿಮೆ ಮಾಡಿ. ವಾಟ್ಸ್ಆ್ಯಪ್ ಗುಂಪಿನಲ್ಲಿ ಗೂಗಲ್ ಫಾರ್ಮ್ ಹಾಕಿ ಬಂದದ್ದನ್ನು 'ಯಾದೃಚ್ಛಿಕ ಮಾದರಿ' ಎಂದು ಬರೆಯುವುದಂತೂ ಬೇಡವೇ ಬೇಡ.

ಮನೆಮನೆ ಅಲೆಯಲಾಗದವರಿಗೂ ದಾರಿಯಿದೆ. ಎಪಿಎಂಸಿಗಳ ಆವಕ, ಧಾರಣೆ ಕೇಂದ್ರದ ಜಾಲತಾಣ ಅಗ್‌ಮಾರ್ಕ್‌ನೆಟ್‌ನಲ್ಲಿದೆ, ಕಾಫಿ ಬೆಲೆಗಳನ್ನು ಕಾಫಿ ಮಂಡಳಿ ಪ್ರಕಟಿಸುತ್ತದೆ, ಕೇಂದ್ರ ಸಾಂಖ್ಯಿಕ ಸಚಿವಾಲಯ ಸಮೀಕ್ಷೆಗಳ ಬಿಡಿ ದತ್ತಾಂಶವನ್ನೇ ಕೊಡುತ್ತದೆ.

ಕಂಪ್ಯೂಟರ್, ನುಡಿ, ನಕಲು

ಅಂಕಿಅಂಶ ವಿಶ್ಲೇಷಣೆಗೆ ಕಳ್ಳ ಎಸ್‌ಪಿಎಸ್‌ಎಸ್ ಬೇಡ. ಜಮೋವಿ, ಜಾಸ್ಪ್, ಆರ್ ಉಚಿತ, ಜರ್ನಲ್‌ಗಳೂ ಒಪ್ಪುತ್ತವೆ. ಆಧಾರ ಗ್ರಂಥಗಳ ಪಟ್ಟಿ ಇಡಲು ಜೋಟೆರೊ ತಂತ್ರಾಂಶ ಮೊದಲ ದಿನದಿಂದಲೇ. ಕನ್ನಡ ಸಂದರ್ಶನಗಳನ್ನು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಬೇಡಿ. ಹುಡುಕಿದರೆ ಸಿಗುವುದಿಲ್ಲ, ಕೋಡಿಂಗ್ ತಂತ್ರಾಂಶಕ್ಕೆ ಹಾಕಿದರೆ ಚಿತ್ರವಿಚಿತ್ರ ಅಕ್ಷರ ಬರುತ್ತದೆ. ಡಿಟಿಪಿ ಅಂಗಡಿಗೆ ಕೊಡುವಾಗಲೇ 'ಯುನಿಕೋಡ್' ಅಂತ ಬರೆದು ಕೊಡಿ.

ನಕಲಿನ ವಿಚಾರದಲ್ಲಿ 2018ರ ಯುಜಿಸಿ ನಿಯಮ ಹೀಗಿದೆ: ಸಾಮ್ಯ ಶೇ. 10ರವರೆಗೆ ಶಿಕ್ಷೆಯಿಲ್ಲ, 10ರಿಂದ 40 ಆದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು, 40ರಿಂದ 60 ಆದರೆ ಒಂದು ವರ್ಷ ಸಲ್ಲಿಸುವಂತಿಲ್ಲ, 60 ದಾಟಿದರೆ ನೋಂದಣಿಯೇ ರದ್ದು. ಹೆಚ್ಚಾಗಿ ಸಿಕ್ಕಿಬೀಳುವುದು ಎರಡನೇ ಅಧ್ಯಾಯದಲ್ಲಿ. 'ಇಂಥವರು ಹೀಗೆಂದರು, ಇಂಥವರು ಹಾಗೆಂದರು' ಅಂತ ಸಾರಾಂಶಗಳನ್ನು ಅಂಟಿಸುತ್ತಾ ಹೋದರೆ ತಪ್ಪಿಸಿಕೊಳ್ಳಲು ಜಾಗವಿಲ್ಲ. ಲೇಖಕರ ಹೆಸರಿನಿಂದ ಪ್ಯಾರಾ ಶುರು ಮಾಡುವುದನ್ನು ಬಿಟ್ಟು ವಾದದಿಂದ ಶುರು ಮಾಡಿದರೆ ಸಾಮ್ಯ ತಾನಾಗಿ ಇಳಿಯುತ್ತದೆ. ಪದ ಬದಲಿಸಿ ಕೊಡುವ 'ಸೇವೆ'ಗಳು ಬರಹವನ್ನು ಮಾತ್ರ ಹಾಳು ಮಾಡುತ್ತವೆ.

ಪ್ರಕಟಣೆ

ಪ್ರಬಂಧ ಸಲ್ಲಿಸುವ ಮುಂಚೆ ಲೇಖನ ಪ್ರಕಟವಾಗಿರಲೇಬೇಕು ಎಂಬ ಕಡ್ಡಾಯವನ್ನು 2022ರ ನಿಯಮ ತೆಗೆದಿದೆ. ನಿಮ್ಮ ವಿ.ವಿ. ತನ್ನದೇ ಷರತ್ತು ಇಟ್ಟಿರಬಹುದು, ನೋಡಿ. ಒಪ್ಪಿತ ಜರ್ನಲ್‌ಗಳ ಯುಜಿಸಿ ಕೇರ್ ಪಟ್ಟಿ 2025ರ ಫೆಬ್ರವರಿಯಲ್ಲಿ ನಿಂತಿತು. ಈಗಲೂ 'ಕೇರ್ ಲಿಸ್ಟೆಡ್' ಅಂತ ಮೇಲ್ ಕಳಿಸುವವರಿದ್ದಾರೆ. ಮ್ಯಾನೇಜ್‌ಮೆಂಟಿನಲ್ಲಿ ಹೆಚ್ಚು ಚಾಲ್ತಿಯಲ್ಲಿರುವುದು ಆಸ್ಟ್ರೇಲಿಯಾದ ಎಬಿಡಿಸಿ ಜರ್ನಲ್ ಪಟ್ಟಿ, ಮೇಲಿಂದ ಕೆಳಗೆ: ಎ-ಸ್ಟಾರ್, ಎ, ಬಿ, ಸಿ. ಮೊದಲ ಲೇಖನಕ್ಕೆ ಬಿ ಅಥವಾ ಸಿ ಮಟ್ಟ ವಾಸ್ತವದ ಗುರಿ. ಸ್ಕೋಪಸ್ ಎಂಬ ಅಂತರರಾಷ್ಟ್ರೀಯ ಜರ್ನಲ್ ಸೂಚಿಯ ಹೆಸರು ಹೇಳಿ 'ಸ್ಕೋಪಸ್, 15 ದಿನದಲ್ಲಿ ಸ್ವೀಕೃತಿ, ಇಷ್ಟು ಸಾವಿರ' ಎಂದರೆ ದುಡ್ಡು ಕಳೆಯುವುದು ಸಣ್ಣ ನಷ್ಟ. ಆ ಜರ್ನಲ್ ಪಟ್ಟಿಯಿಂದ ಬಿದ್ದ ಮೇಲೂ ನಿಮ್ಮ ಹೆಸರು ಅದರ ಜೊತೆ ಉಳಿಯುತ್ತದೆ. ಅಸಲಿ ಜರ್ನಲ್‌ನ ಹೆಸರು, ಐಎಸ್‌ಎಸ್‌ಎನ್ (ಗುರುತಿನ ಸಂಖ್ಯೆ) ಎರಡನ್ನೂ ಕದ್ದ ನಕಲಿ ತಾಣಗಳಿವೆ, ಹಾಗಾಗಿ ಸ್ಕೋಪಸ್‌ನ ಮೂಲಪಟ್ಟಿಯಿಂದ ಪ್ರಕಾಶಕರ ಹೆಸರು ಹಿಡಿದು ಜರ್ನಲ್‌ಗೆ ಹೋಗಿ, ಮೇಲ್‌ನಲ್ಲಿ ಬಂದ ಲಿಂಕಿನಿಂದ ಬೇಡ. ಸರ್ಕಾರಿ ಸಂಸ್ಥೆಯಲ್ಲಿದ್ದರೆ 2025ರಿಂದ 'ಒಂದು ದೇಶ ಒಂದು ಚಂದಾ' ಯೋಜನೆಯಲ್ಲಿ ದೊಡ್ಡ ಪ್ರಕಾಶಕರ ಸಾವಿರಾರು ಜರ್ನಲ್ ಓದಲು ಸಿಗುತ್ತವೆ. ಲೈಬ್ರರಿಯವರನ್ನು ಕೇಳಿ ಲಾಗಿನ್ ಪಡೆಯಿರಿ.

ಲೇಖನ ತಿರುಗಿ ಬಂದಾಗ ಮೊದಲ ದಿನ ಏನೂ ಮಾಡಬೇಡಿ. ಎರಡನೇ ದಿನ ವಿಮರ್ಶಕರ ಒಂದೊಂದು ಮಾತನ್ನೂ ಎಡಗಡೆ, ನೀವು ಮಾಡಿದ್ದನ್ನು ಪುಟ ಸಂಖ್ಯೆಯೊಂದಿಗೆ ಬಲಗಡೆ ಬರೆದು ಕೋಷ್ಟಕ ಮಾಡಿ. ಒಪ್ಪದಿದ್ದರೆ ಒಪ್ಪುವುದಿಲ್ಲ ಎಂದು ಕಾರಣ ಕೊಡಿ, ಜಾರಿಕೊಳ್ಳಬೇಡಿ. ಗೈಡ್ ಹೆಸರು ಎಷ್ಟನೆಯದು ಎಂಬುದನ್ನು ಬರೆಯಲು ಕೂರುವ ಮೊದಲೇ ಮೇಲ್‌ನಲ್ಲಿ ಕೇಳಿ ತೀರ್ಮಾನಿಸಿಕೊಳ್ಳಿ, ಆಮೇಲೆ ಕೇಳುವುದು ಇಬ್ಬರಿಗೂ ಮುಜುಗರ.

ಕೆಲಸ

ಪಿಎಚ್‌.ಡಿ. ಇದ್ದರೂ ನೆಟ್ ಅಥವಾ ರಾಜ್ಯಮಟ್ಟದ ಅರ್ಹತಾ ಪರೀಕ್ಷೆ ಕೆಸೆಟ್ ಬರೆದಿಟ್ಟುಕೊಳ್ಳಿ. ನೆಟ್‌ನಲ್ಲಿ ಮ್ಯಾನೇಜ್‌ಮೆಂಟ್ ಕೋಡ್ 17, ಕಾಮರ್ಸ್ 08. ಮೂರು ಗಂಟೆ, 150 ಪ್ರಶ್ನೆ, 300 ಅಂಕ, ತಪ್ಪಿಗೆ ಅಂಕ ಕಳೆಯುವುದಿಲ್ಲ. ಜೆಆರ್‌ಎಫ್ ಬಂದರೆ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ, ಮನೆ ಬಾಡಿಗೆ ಭತ್ಯೆ ಬೇರೆ. ಕೆಸೆಟ್ ಅರ್ಹತೆ ಕರ್ನಾಟಕದೊಳಗೆ ಮಾತ್ರ ಸಲ್ಲುತ್ತದೆ, ಫೆಲೋಶಿಪ್ ಇಲ್ಲ.

ವಿ.ವಿ.ಗಳಲ್ಲಿ ಸಂದರ್ಶನಕ್ಕೆ ಕರೆಯುವಾಗಿನ ಲೆಕ್ಕ 2018ರ ಯುಜಿಸಿ ನಿಯಮದಲ್ಲಿದೆ. ಪಿಎಚ್‌.ಡಿ.ಗೆ 30 ಅಂಕ, ಜೆಆರ್‌ಎಫ್ 7, ನೆಟ್ 5, ಸೆಟ್ 3. ಲೇಖನಕ್ಕೆ ಎರಡರಂತೆ ಗರಿಷ್ಠ 10, ಬೋಧನೆಗೆ ವರ್ಷಕ್ಕೆ ಎರಡರಂತೆ ಗರಿಷ್ಠ 10. ಅಂದರೆ ಐದು ಲೇಖನದಾಚೆ ಈ ಕೋಷ್ಟಕ ಎಣಿಸುವುದಿಲ್ಲ; ಹದಿನೈದು ಕಳಪೆ ಲೇಖನ ರಾಶಿ ಹಾಕುವುದರಲ್ಲಿ ಲಾಭವಿಲ್ಲ. ಎಂಬಿಎ ಕಾಲೇಜುಗಳ ಲೆಕ್ಕ ಬೇರೆ, ಅಲ್ಲಿ ತಾಂತ್ರಿಕ ಶಿಕ್ಷಣ ಪರಿಷತ್ತು ಎಐಸಿಟಿಇ ಹೇಳುವ ಅರ್ಹತೆ ಜೊತೆಗೆ ಎರಡು ವರ್ಷದ ಅನುಭವ ಕೇಳುತ್ತಾರೆ.

ಅತಿಥಿ ಉಪನ್ಯಾಸಕರಾಗಿ ದುಡಿಯುತ್ತಾ ಸಂಶೋಧನೆ ಮಾಡುವವರು ಪ್ರತಿ ವರ್ಷದ ಕೊನೆಗೆ ಸೇವಾ ಪ್ರಮಾಣಪತ್ರ ಬರೆಸಿಕೊಳ್ಳಿ. ಪ್ರಾಂಶುಪಾಲರು ಬದಲಾದ ಮೇಲೆ ಹಳೆಯ ಹಾಜರಿ ಪುಸ್ತಕ ಹುಡುಕಿಸುವುದು ಪ್ರಬಂಧ ಬರೆಯುವಷ್ಟೇ ಕಷ್ಟ. ವಾರದಲ್ಲಿ ಎರಡು ಬೆಳಗಿನ ಹೊತ್ತು, ತರಗತಿಗೆ ಮುಂಚೆ ಎರಡೆರಡು ಗಂಟೆ, ಬರವಣಿಗೆಗೆ ಅಂತ ಎತ್ತಿಡಿ. ದಸರಾ ರಜೆಯಲ್ಲಿ ಬರೆಯುತ್ತೇನೆ ಅಂದುಕೊಂಡವರ ಪ್ರಬಂಧ ದಸರಾಗೆ ಕಾಯುತ್ತಲೇ ಇರುತ್ತದೆ.

ವೈವಾ ಮುಗಿದ ಮೇಲೆ ಒಂದು ಕಾಗದ ಮರೆಯಬೇಡಿ. ಪದವಿ ಯುಜಿಸಿಯ 2022ರ ಪಿಎಚ್‌.ಡಿ. ನಿಯಮದಂತೆಯೇ ಆಗಿದೆ ಎಂದು ವಿ.ವಿ. ಕೊಡುವ ತಾತ್ಕಾಲಿಕ ಪ್ರಮಾಣಪತ್ರ ಅದು. ಘಟಿಕೋತ್ಸವಕ್ಕೆ ತಿಂಗಳುಗಟ್ಟಲೆ ಆಗಬಹುದು, ಅರ್ಜಿಯ ಕೊನೆಯ ದಿನ ಕಾಯುವುದಿಲ್ಲ. ಪ್ರಬಂಧದ ಸಾಫ್ಟ್ ಕಾಪಿ ಶೋಧಗಂಗಾಕ್ಕೆ ಹೋದ ಸ್ವೀಕೃತಿಯನ್ನೂ ಆ ವಾರವೇ ಕೇಳಿ ಪಡೆದು, ಎರಡರ ಮೂರು ಮೂರು ದೃಢೀಕೃತ ಪ್ರತಿ ಮಾಡಿಸಿಡಿ.